ದೊಡ್ಡಮ್ಮ ಕಳಿಸಿದ ಧಾರಾವಾಹಿ

ದೊಡ್ಡಮ್ಮ: ಒಂದು ಚೀನೀ ಧಾರಾವಾಹಿಯ ತುಣುಕು ಕಳಿಸಿದ್ದೇನೆ, ಎಲ್ಲರೂ ನೋಡಿ. ಮಗನಿಗೆ ಮೂವತ್ತೈದು. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾನೆ. ಪಾಪ, ತಾಯಿ ಅವನ ವಿವರ ಬರೆದ ಹಾಳೆಯನ್ನು ಕೊಡೆಗೆ ಸಿಕ್ಕಿಸಿ ಉದ್ಯಾನದಲ್ಲಿ ಕೂರುತ್ತಾಳೆ. ಹೆತ್ತ ಹೊಟ್ಟೆಯ ಸಂಕಟ ಎಲ್ಲಿಯೂ ಒಂದೇ.

ಅಕ್ಕ: ಯಾರಿಗಾಗಿ ಕಳಿಸಿದಿರಿ ಎಂಬುದು ಎಲ್ಲರಿಗೂ ಗೊತ್ತಾಯಿತು ದೊಡ್ಡಮ್ಮ.

ಭಾವ: ಇದು ಬರಿಯ ಕಥೆಯಲ್ಲ. ಕೆಲಸದ ಮೇಲೆ ಶಾಂಘೈಗೆ ಹೋದಾಗ ಪೀಪಲ್ಸ್ ಪಾರ್ಕಿನಲ್ಲಿ ನೋಡಿದ್ದೇನೆ. ಶನಿವಾರ, ಭಾನುವಾರ ನೆಲದ ಮೇಲೆ ಸಾಲಾಗಿ ಬಿಚ್ಚಿಟ್ಟ ಕೊಡೆಗಳು. ಒಂದೊಂದರ ಮೇಲೂ ಹಾಳೆ: ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ, ಶಾಂಘೈನ ಹುಕೌ. ಹುಕೌ ಎಂದರೆ ಆ ಊರಿನವರೆಂಬ ಸರ್ಕಾರಿ ನೋಂದಣಿ. ಅದಿಲ್ಲದಿದ್ದರೆ ಮಕ್ಕಳ ಶಾಲೆಗೂ ತೊಡಕು. ಕೂತವರೆಲ್ಲ ಅಪ್ಪ ಅಮ್ಮಂದಿರೇ, ಮದುವೆಯಾಗಬೇಕಾದವರು ಕಾಣಿಸಲಿಲ್ಲ.

ಚಿಕ್ಕಪ್ಪ: ತಪ್ಪೇನು? ಜಾತಕ ಹಿಡಿದು ನಾವು ಅಲೆಯಲಿಲ್ಲವೇ? ಅವರ ಪ್ರಾಚೀನ ತತ್ವಜ್ಞಾನಿ ಮೆನ್ಸಿಯಸ್ಸೇ ಹೇಳಿದ್ದಾನೆ, ವಂಶ ಬೆಳೆಸದಿರುವುದೇ ಹೆತ್ತವರಿಗೆ ಬಗೆಯುವ ಅತಿ ದೊಡ್ಡ ಅಪಚಾರ ಎಂದು. ಈಗಿನ ಹುಡುಗರಿಗೆ ಯಾರೂ ಒಪ್ಪಿಗೆಯಾಗುವುದಿಲ್ಲ, ಅಷ್ಟೇ.

ನಾನು: ಧಾರಾವಾಹಿಯೂ ಅದನ್ನೇ ಹೇಳುತ್ತದೆ ಚಿಕ್ಕಪ್ಪ, ನನ್ನ ತಕರಾರು ಅಲ್ಲೇ. ನಾಯಕನಿಗೆ ಫ್ಲ್ಯಾಟ್ ಇದೆ, ಕಾರಿದೆ, ಮನಸ್ಸು ಮಾತ್ರ ಇಲ್ಲ. ಕೊನೆಯ ಕಂತಿನೊಳಗೆ ಮದುವೆಯಾಗಿಯೇ ಆಗುತ್ತದೆ, ಪಂತ ಬೇಕಾದರೆ ಕಟ್ಟುತ್ತೇನೆ. ಹೆಣ್ಣೇ ಸಿಗದವನು ಅಲ್ಲಿ ಹಳ್ಳಿಯಲ್ಲಿದ್ದಾನೆ. 2020ರ ಜನಗಣತಿಯಲ್ಲಿ ಹೆಂಗಸರಿಗಿಂತ ಗಂಡಸರು ಸುಮಾರು 3.49 ಕೋಟಿ ಹೆಚ್ಚು! 2004ರ ಹೊತ್ತಿಗೆ ನೂರು ಹೆಣ್ಣು ಶಿಶುಗಳಿಗೆ ಸುಮಾರು 121 ಗಂಡು ಹುಟ್ಟುತ್ತಿದ್ದವು. ಒಂದೇ ಮಗು ಎಂಬ ಸರ್ಕಾರದ ಕಟ್ಟಳೆ, ಅದು ಗಂಡೇ ಆಗಲಿ ಎಂಬ ಮನೆಯವರ ಹಟ, ಹಟಕ್ಕೆ ನೆರವಾಗಲು ಸ್ಕ್ಯಾನಿಂಗ್.

ಅಕ್ಕ: ಹೆಣ್ಣು ಮಗು ಬೇಡವೆಂದವರೇ ಈಗ ಸೊಸೆಗಾಗಿ ಪಾರ್ಕಿನಲ್ಲಿ ಕೂತಿದ್ದಾರೆ ಎನ್ನು.

ಭಾವ: ಅದೂ ಪೂರ್ತಿ ಸರಿಯಲ್ಲ. ಆ ಪಾರ್ಕಿನಲ್ಲಿ ಹೆಣ್ಣುಮಕ್ಕಳ ಹಾಳೆಗಳೇ ಹೆಚ್ಚು. ಓದಿ ಕೆಲಸಕ್ಕೆ ಸೇರಿದ ಹುಡುಗಿಯರು ನಗರದಲ್ಲಿ, ಹೊಲ ನೋಡಿಕೊಳ್ಳುವ ಹುಡುಗರು ಹಳ್ಳಿಯಲ್ಲಿ. ಲೆಕ್ಕ ಕೂಡುವುದಾದರೂ ಹೇಗೆ?

ಅತ್ತೆ: ಅಲ್ಲಿ ಗಂಡಿನ ಕಡೆಯವರೇ ತೆರ ಕೊಡಬೇಕಂತೆ, ನಿಜವೇ?

ನಾನು: ನಿಜ ಅತ್ತೆ. ಮದುವೆ ಮುರಿದರೆ ತೆರ ಹಿಂದಿರುಗಿಸಿ ಎಂಬ ವ್ಯಾಜ್ಯಗಳು ಹೆಚ್ಚಿ, ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದಕ್ಕೆಂದೇ ನಿಯಮ ಮಾಡಿತು. 2024ರ ಫೆಬ್ರವರಿಯಿಂದ ಜಾರಿಯಲ್ಲಿದೆ. ತೆರಕ್ಕೂ ಹೊಸ ಮನೆಗೂ ಸಾಲ ಮಾಡುವ ರೈತನ ಮಗನನ್ನು ನಾಯಕ ಮಾಡಿದ್ದರೆ ನಾನೂ ಕೂತು ನೋಡುತ್ತಿದ್ದೆ.

ಚಿಕ್ಕಪ್ಪ: 2023ರಲ್ಲಿ ನಮ್ಮ ಮಂಡ್ಯದ ಕಡೆಯ ಹುಡುಗರು ಹೆಣ್ಣು ಸಿಗಲೆಂದು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದರಲ್ಲ, ಅಂಥವರ ಕಥೆ ಎನ್ನುತ್ತೀಯೇನು?

ನಾನು: ಹೌದು. ಅವರೆದುರು ನಿಂತು ‘ನಿಮಗೆ ಯಾರೂ ಒಪ್ಪಿಗೆಯಾಗುವುದಿಲ್ಲ’ ಎಂದು ಹೇಳಿ ನೋಡಿ.

ಚಿಕ್ಕಪ್ಪ: ಅವರ ಮಾತು ಬೇರೆ.

ದೊಡ್ಡಮ್ಮ: ಎಲ್ಲ ಓದಿದೆ. ನಿನಗೆ ಹೊಲವೂ ಇಲ್ಲ, ಯಾರೂ ತೆರ ಕೇಳುತ್ತಲೂ ಇಲ್ಲ. ಭಾನುವಾರ ಮೈಸೂರಿಗೆ ಹೆಣ್ಣು ನೋಡಲು ಹೋಗುವುದಿದೆ. ಬರುತ್ತೀಯೋ ಇಲ್ಲವೋ, ಅದೊಂದು ಹೇಳು.