ನಾನ್‌ಡಿಸ್ಕ್ರಿಪ್ಟ್‌ಗೆ ಕನ್ನಡದಲ್ಲಿ ಏನನ್ನಬೇಕು? (ತುರ್ತು)

> ಕತೆಯ ಅನುವಾದವನ್ನು ಇವತ್ತು ರಾತ್ರಿಯೇ ಕಳಿಸಬೇಕು. ‘ನಾನ್‌ಡಿಸ್ಕ್ರಿಪ್ಟ್’ ಕಟ್ಟಡ ಅಂತ ಇದೆ. ‘ಅವರ್ಣನೀಯ ಕಟ್ಟಡ’ ಅಂದರೆ ನಡೆಯುತ್ತದಾ?

ನಡೆಯುವುದಿಲ್ಲ. ನಾನ್‌ಡಿಸ್ಕ್ರಿಪ್ಟ್ (nondescript) ಅಂದರೆ ಇವತ್ತು ಗಮನ ಸೆಳೆಯುವಂಥದ್ದೇನೂ ಇಲ್ಲದ್ದು ಅಂತ. ಅವರ್ಣನೀಯ ಅಂದರೆ ಬಣ್ಣಿಸಲು ಮಾತೇ ಸಾಲದು ಅಂತ. ಅದು ಹೊಗಳಿಕೆ. ನಿಮ್ಮ ಕಟ್ಟಡ ಅರಮನೆಯಾಗಿಬಿಡುತ್ತದೆ.

ಆದರೆ ನೀವು ಎಡವಿದ ಜಾಗ ಮಜವಾಗಿದೆ. ಪದದ ಬೇರು ಲ್ಯಾಟಿನ್. ‘ನಾನ್’ ಅಂದರೆ ಅಲ್ಲ, ‘ಡಿಸ್ಕ್ರಿಪ್ಟಸ್’ ಅಂದರೆ ವಿವರಿಸಿ ಬರೆದದ್ದು. 17ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿನಲ್ಲಿ ಇದು ಗಿಡ, ಪ್ರಾಣಿಗಳನ್ನು ಅಭ್ಯಾಸ ಮಾಡುವವರ ಪದ. ಇನ್ನೂ ಯಾರೂ ವಿವರ ಬರೆದಿಡದ ಜೀವಿ ಅಂತ ಅರ್ಥ. ಅಂದರೆ ಹೊಸದು, ಕುತೂಹಲದ್ದು! ಆಮೇಲೆ ಯಾವ ಗುಂಪಿಗೂ ಸೇರಿಸಲು ಬಾರದ್ದು ಅಂತಾಯ್ತು. ಅಲ್ಲಿಂದ ಜಾರಿ, ವಿವರಿಸಲು ಏನೂ ಇಲ್ಲದ್ದು ಅನ್ನುವಲ್ಲಿಗೆ ಬಂದು ನಿಂತಿತು. ದನಗಳ ತಳಿ ವಿಂಗಡಿಸುವವರು ಈಗಲೂ ನಡುವಿನ ಅರ್ಥದಲ್ಲೇ ಬಳಸುತ್ತಾರೆ: ಗುರುತಿಸಿದ ಯಾವ ತಳಿಗೂ ಸೇರದ ದನ. ಅಲ್ಲಿ ‘ಸಪ್ಪೆ ದನ’ ಅಂತ ಬರೆದೀರಿ, ಜೋಕೆ.

‘ಮಾಮೂಲಿ ಕಟ್ಟಡ’ ಅನ್ನಬಹುದಲ್ಲ ಅನ್ನುವುದಕ್ಕೆ ಇನ್ನೊಬ್ಬರ ಆಕ್ಷೇಪ ಹೀಗಿದೆ:

> ‘ಮಾಮೂಲಿ’ ಅರಬ್ಬಿ ಮೂಲದ್ದು, ಬೇಡ. ‘ಸಾಧಾರಣ’ ಅನ್ನಿ, ನಮ್ಮದೇ ಪದ.

ಸಾಧಾರಣ ಸಂಸ್ಕೃತದ್ದು ಸ್ವಾಮಿ. ಒಂದು ಎರವಲು ನಮ್ಮದು, ಇನ್ನೊಂದು ಪರಕೀಯ ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಮಾಮೂಲಿಯ ತೊಂದರೆ ಅದರ ಊರಲ್ಲ, ಅರ್ಥ. ಅದು ರೂಢಿಯಾದದ್ದಕ್ಕೆ ಸಲ್ಲುವ ಪದ. (ಮಾಮೂಲು ಕೊಡುವ ವಿಚಾರ ಇಲ್ಲಿ ಬೇಡ ಬಿಡಿ.) ಮಾಮೂಲಿ ಕಟ್ಟಡ ಅಂದರೆ ನಾವು ಯಾವಾಗಲೂ ಹೋಗುವ ಕಟ್ಟಡ ಅಂತಲೂ ಆಗುತ್ತದೆ, ಅಲ್ವಾ? ಸಾಧಾರಣ ಅಂದರೆ ಅಷ್ಟೇನೂ ಚೆನ್ನಾಗಿಲ್ಲ ಅನ್ನುವ ಧಾಟಿ ಬರುತ್ತದೆ. ನಾನ್‌ಡಿಸ್ಕ್ರಿಪ್ಟ್ ಕಟ್ಟಡ ಕಳಪೆಯೇ ಆಗಿರಬೇಕಿಲ್ಲ. ಸುಮ್ನೆ ಇರುತ್ತದೆ, ನೋಡಿದವರ ನೆನಪಲ್ಲಿ ಉಳಿಯುವುದಿಲ್ಲ, ಅಷ್ಟೇ.

‘ಹೇಳಿಕೊಳ್ಳುವಂಥದ್ದೇನೂ ಇಲ್ಲದ ಕಟ್ಟಡ’ ಅಂತ ಬರೆಯಿರಿ. ಮೂಲದ ‘ವಿವರಿಸು’ ಅನ್ನುವ ಎಳೆಯೂ ಉಳಿಯುತ್ತದೆ, ಮಾತೂ ಸಹಜವಾಗಿರುತ್ತದೆ. ಉದ್ದ ಜಾಸ್ತಿ ಆಯ್ತು ಅನ್ನಿಸಿದರೆ ‘ಎದ್ದು ಕಾಣದ ಕಟ್ಟಡ’. ಒಂದೇ ಪದ ಬೇಕು ಅಂತ ಹಟ ಹಿಡಿದು ‘ನಿರ್ವಿಶೇಷ’ ಅನ್ನಲು ಮಾತ್ರ ಹೋಗಬೇಡಿ. ಅದ್ವೈತಿಗಳು ಅದನ್ನು ಆಗಲೇ ಬ್ರಹ್ಮಕ್ಕೆ ಬಳಸಿದ್ದಾರೆ.