ಮಜ್ಜೆಯ ಸ್ಲೈಡಿನಲ್ಲಿ ರಕ್ತನಾಳ ಎಣಿಕೆ: ಇಬ್ಬರ ಲೆಕ್ಕ ತಾಳೆಯಾಗುತ್ತಿಲ್ಲ

ಪಿಜಿ_ಪೆಥಾಲಜಿ:
ಎಲ್ಲರಿಗೂ ನಮಸ್ಕಾರ. ನನ್ನ ಥೀಸಿಸ್ ಮಲ್ಟಿಪಲ್ ಮೈಲೋಮಾ (ಮಜ್ಜೆಯ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್) ಮೇಲೆ. ಮಜ್ಜೆಯ ಬಯಾಪ್ಸಿಗೆ, ನಾಳದ ಒಳಪದರಕ್ಕೆ ಬಣ್ಣ ಹಿಡಿಸುವ ಸಿಡಿ34 ಸ್ಟೇನ್ ಹಾಕಿ, 40ರ ಆಬ್ಜೆಕ್ಟಿವ್‌ನಲ್ಲಿ ಸಣ್ಣ ರಕ್ತನಾಳ ಎಣಿಸುತ್ತಿದ್ದೇನೆ. ಹೋಲಿಸಿ ನೋಡಲು ಮೈಲೋಮಾಗೆ ಮುಂಚಿನ ಹಂತವಾದ ಎಂಗಸ್ (MGUS) ಸ್ಲೈಡುಗಳೂ ಇವೆ. ತೊಂದರೆ ಎರಡು. ಅದೇ ಸ್ಲೈಡನ್ನು ಸಹಪಾಠಿ ತಮ್ಮ ಮೈಕ್ರೋಸ್ಕೋಪಿನಲ್ಲಿ ಎಣಿಸಿದರೆ ಯಾವಾಗಲೂ ನನಗಿಂತ ಜಾಸ್ತಿ ಬರುತ್ತದೆ. ಇನ್ನೊಂದು, ಕೆಲವು ಎಂಗಸ್ ಸ್ಲೈಡುಗಳಲ್ಲಿ ಮೈಲೋಮಾದಷ್ಟೇ ನಾಳಗಳು ಸಿಗುತ್ತಿವೆ. ಹಾಗಾಗಬಾರದು ಅಲ್ವಾ?

ಹಳೇ_ಲೆನ್ಸ್:
ಮೊದಲು ಇಬ್ಬರ ಐಪೀಸ್ ಮೇಲಿನ ಅಂಕಿ ನೋಡಿ. 10×/18 ಅಂತ ಇದ್ದರೆ 40ರಲ್ಲಿ ಕಾಣುವ ವೃತ್ತದ ಅಗಲ 0.45 ಮಿ.ಮೀ., ವಿಸ್ತೀರ್ಣ ಸುಮಾರು 0.16 ಚದರ ಮಿ.ಮೀ. 10×/22 ಇದ್ದರೆ ಅಗಲ 0.55, ವಿಸ್ತೀರ್ಣ ಸುಮಾರು 0.24. ಹತ್ತಿರ ಹತ್ತಿರ ಒಂದೂವರೆ ಪಟ್ಟು! ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಪಾವಿನಲ್ಲಿ ಅಳೆದರೆ ಲೆಕ್ಕ ಕೂಡುವುದು ಹೇಗೆ? "ಒಂದು ಫೀಲ್ಡಿಗೆ ಇಷ್ಟು" ಅಂತ ಬರೆಯಬೇಡಿ. ಚದರ ಮಿ.ಮೀ.ಗೆ ಬದಲಿಸಿ.

ಇನ್ನು ಎಂಗಸ್ ವಿಷಯ. ಸಿಡಿ34 ನಾಳದ ಒಳಪದರವನ್ನು ಮಾತ್ರ ಹಿಡಿಯುವುದಿಲ್ಲ, ರಕ್ತದ ಎಳೆಯ ಕೋಶಗಳನ್ನೂ ಹಿಡಿಯುತ್ತದೆ. ಅವು ಒಂಟಿಯಾಗಿ, ದುಂಡಗೆ, ಸುತ್ತಲೂ ತೆಳು ಕಂದು ಅಂಚಿನೊಂದಿಗೆ ಕೂತಿರುತ್ತವೆ. ನಾಳವಾದರೆ ಕೊಬ್ಬಿನ ಕೋಶಗಳ ನಡುವೆ ಉದ್ದಕ್ಕೆ ಎಳೆದ ಕಂದು ಗೆರೆಯ ಹಾಗೆ ಇರುತ್ತದೆ, ನ್ಯೂಕ್ಲಿಯಸ್ ಚಪ್ಪಟೆ. ಒಳಗೆ ಟೊಳ್ಳು ಕಾಣಲೇಬೇಕೆಂದಿಲ್ಲ. ಒಂದೇ ನಾಳ ಕವಲೊಡೆದಿದ್ದರೆ ಒಂದೇ ಲೆಕ್ಕ. ಸ್ನಾಯು ಗೋಡೆ ಇರುವ ದೊಡ್ಡ ನಾಳ, ಮೂಳೆಯ ಅಂಚಿಗೆ ಅಂಟಿದ ಜಾಗ, ಎರಡನ್ನೂ ಬಿಡಿ.

ಲ್ಯಾಬ್_ಅಕ್ಕ:
ಡಿಕ್ಯಾಲ್ (ಮೂಳೆಯ ಸುಣ್ಣ ಕರಗಿಸುವುದು) ಯಾವುದರಲ್ಲಿ ಮಾಡಿದ್ದಾರೆ ಕೇಳಿದ್ರಾ? ಕೆಲವು ಬ್ಲಾಕ್ (ಮೇಣದಲ್ಲಿ ಕೂರಿಸಿದ ಬಯಾಪ್ಸಿ ತುಣುಕು) ನೈಟ್ರಿಕ್ ಆಸಿಡ್, ಕೆಲವು ಇಡಿಟಿಎ ಅಂತ ಬೆರೆತಿದ್ದರೆ ಆಸಿಡ್ ಬ್ಲಾಕುಗಳಲ್ಲಿ ಸ್ಟೇನ್ ಮಂಕಾಗಿ ನಾಳಗಳೇ ಕಡಿಮೆ ಕಾಣುತ್ತವೆ. ಇಡಿಟಿಎ ನಿಧಾನ, ಆದರೆ ಸ್ಟೇನ್ ಅಂಟಬೇಕಾದ ಆಂಟಿಜೆನ್ ಉಳಿಯುತ್ತದೆ. ಎರಡು ಗುಂಪಿನ ಬ್ಲಾಕುಗಳೂ ಒಂದೇ ರೀತಿ ತಯಾರಾಗಿವೆಯಾ ಅಂತ ರಿಜಿಸ್ಟರ್ ನೋಡಿ. ಸಿಡಿ31ಕ್ಕೆ ಬದಲಾಯಿಸುವ ಯೋಚನೆ ಇದ್ದರೆ ಬೇಡ, ಅದು ಮೆಗಾಕಾರಿಯೋಸೈಟುಗಳನ್ನೂ (ಪ್ಲೇಟ್‌ಲೆಟ್ ತಯಾರಿಸುವ ದೊಡ್ಡ ಕೋಶಗಳು) ಬಣ್ಣ ಮಾಡುತ್ತದೆ.

ಪಿಜಿ_ಪೆಥಾಲಜಿ:
ನನ್ನದು 18, ಅವರದು 22! ಡಿಕ್ಯಾಲ್ ಎಲ್ಲಕ್ಕೂ ಇಡಿಟಿಎ. ಸರ್, ಒಂದು ಪ್ರಶ್ನೆ. "ಗೆಡ್ಡೆಗೆ ಆಕ್ಸಿಜನ್ ಬೇಕು, ಅದಕ್ಕೆ ನಾಳ ಬೆಳೆಯುತ್ತದೆ" ಅಂತ ಬರೆದರೆ ಗೈಡ್ ಒಪ್ಪುತ್ತಿಲ್ಲ.

ಹಳೇ_ಲೆನ್ಸ್:
ಗೈಡ್ ಹೇಳುವುದು ಸರಿ. ಅದು ಅರ್ಧ ಕಥೆ. ಮೈಲೋಮಾ ಕೋಶ ವಿಇಜಿಎಫ್ ಎಂಬ ಪ್ರೋಟೀನ್ ಬಿಡುತ್ತದೆ. ಅದರಿಂದ ಹೊಸ ನಾಳಗಳು ಚಿಗುರುತ್ತವೆ. ಅದೇ ವಿಇಜಿಎಫ್ ಮಜ್ಜೆಗೆ ಆಸರೆಯಾಗಿರುವ ಸ್ಟ್ರೋಮಾ ಕೋಶಗಳಿಂದ ಐಎಲ್-6 ಹೊರಡಿಸುತ್ತದೆ. ಐಎಲ್-6 ಅಂದರೆ ಮೈಲೋಮಾ ಕೋಶಕ್ಕೆ ಬದುಕಲು, ಬೆಳೆಯಲು ಬೇಕಾದ ಮುಖ್ಯ ಸಂದೇಶ. ಅದು ಸಿಕ್ಕ ಕೋಶ ಇನ್ನಷ್ಟು ವಿಇಜಿಎಫ್ ಬಿಡುತ್ತದೆ. ನಾಳದ ಒಳಪದರದ ಕೋಶಗಳೂ ಐಎಲ್-6 ಕೊಡುತ್ತವೆ. ಅಂದರೆ ನಾಳ ಬರೀ ಆಹಾರ ತರುವ ಕೊಳವೆಯಲ್ಲ, ತಾನೇ ಕ್ಯಾನ್ಸರನ್ನು ಸಾಕುತ್ತದೆ. ಥೀಸಿಸ್‌ನಲ್ಲಿ ಒತ್ತಿ ಹೇಳಬೇಕಾದ್ದು ಇದೇ.

ಇಟಲಿಯ ಬಾರಿ ನಗರದಲ್ಲಿ ವಾಕ್ಕಾ, ರಿಬಾಟ್ಟಿ ತಂಡ 1994ರಲ್ಲೇ ಸಕ್ರಿಯ ಮೈಲೋಮಾದಲ್ಲಿ ನಾಳಗಳು ಹೆಚ್ಚೆಂದು ತೋರಿಸಿತು. 2002ರಲ್ಲಿ ಮೇಯೋ ಕ್ಲಿನಿಕ್‌ನ ರಾಜ್‌ಕುಮಾರ್ ತಂಡ 400 ರೋಗಿಗಳ ಮಜ್ಜೆ ಎಣಿಸಿತು. ಒಂದು ಫೀಲ್ಡಿಗೆ ಮೀಡಿಯನ್ ಲೆಕ್ಕ: ಆರೋಗ್ಯವಂತರಲ್ಲಿ 1.3, ಎಂಗಸ್‌ನಲ್ಲಿ 3, ಸ್ಮೋಲ್ಡರಿಂಗ್ (ಲಕ್ಷಣ ಇನ್ನೂ ಕಾಣದ ಮೈಲೋಮಾ) ಹಂತದಲ್ಲಿ 4, ಹೊಸ ಮೈಲೋಮಾದಲ್ಲಿ 11, ಮರುಕಳಿಸಿದವರಲ್ಲಿ 20. 4ರಿಂದ 11ಕ್ಕೆ ಹಾರಿದ್ದು ನೋಡಿ.

ಅಪ್ಪನ_ಮಗಳು:
ನಾನು ಡಾಕ್ಟರ್ ಅಲ್ಲ, ಸುಮ್ನೆ ಓದುತ್ತಿದ್ದೆ. ನಮ್ಮ ಅಪ್ಪನಿಗೆ ಮೈಲೋಮಾ, ಥಾಲಿಡೋಮೈಡ್ ಕೊಟ್ಟಿದ್ದಾರೆ. ಅದು ಈ ನಾಳಗಳನ್ನು ನಿಲ್ಲಿಸುವ ಮಾತ್ರೆನಾ ಸರ್?

ಹಳೇ_ಲೆನ್ಸ್:
ಆ ಯೋಚನೆಯಿಂದಲೇ ಶುರುವಾಯಿತಮ್ಮ. ಥಾಲಿಡೋಮೈಡ್ ಮೊಲದ ಕಣ್ಣಿನಲ್ಲಿ ನಾಳ ಬೆಳೆಯದಂತೆ ತಡೆಯುತ್ತದೆ ಅಂತ 1994ರಲ್ಲಿ ಗೊತ್ತಾಯಿತು. ಅಮೆರಿಕದ ಆರ್ಕನ್ಸಾದಲ್ಲಿ, ಬೇರೆ ಚಿಕಿತ್ಸೆ ಫಲಿಸದ 84 ಮೈಲೋಮಾ ರೋಗಿಗಳಿಗೆ ಕೊಟ್ಟಾಗ ಸುಮಾರು ಮೂರನೇ ಒಂದು ಭಾಗದವರಿಗೆ ಗುಣ ಕಂಡಿತು. ಅದು 1999ರಲ್ಲಿ ಪ್ರಕಟವಾಯಿತು. ಆದರೆ ಗುಣ ಕಂಡವರಲ್ಲೂ ಕಾಣದವರಲ್ಲೂ ನಾಳಗಳ ಲೆಕ್ಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. 2010ರಲ್ಲಿ ಜಪಾನಿನವರು ಈ ಔಷಧಿ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟುತ್ತದೆ ಅಂತ ಕಂಡುಹಿಡಿದರು. ಈ ಗುಂಪಿನ ಔಷಧಿಗಳು ಮೈಲೋಮಾ ಕೋಶಕ್ಕೆ ಬೇಕೇಬೇಕಾದ ಎರಡು ಪ್ರೋಟೀನುಗಳನ್ನು ನಾಶ ಮಾಡಿಸುತ್ತವೆ ಅಂತ 2014ರ ಹೊತ್ತಿಗೆ ತಿಳಿಯಿತು. ಮುಖ್ಯ ಕೆಲಸ ಅದು.

ಅಪ್ಪನಿಗೆ ಕೈಕಾಲು ಜೋಮು ಹಿಡಿದರೆ ಡಾಕ್ಟರಿಗೆ ತಿಳಿಸಿ. ಒಂದು ಕಾಲು ಊದಿಕೊಂಡರೆ, ಉಸಿರು ಕಟ್ಟಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ರಕ್ತ ಹೆಪ್ಪುಗಟ್ಟಿರಬಹುದು. ಮಾತ್ರೆ ನೀವಾಗಿ ನಿಲ್ಲಿಸಬೇಡಿ.

ಪಿಜಿ_ಪೆಥಾಲಜಿ:
ಚದರ ಮಿ.ಮೀ.ಗೆ ಬದಲಿಸಿ, ದುಂಡು ಕೋಶಗಳನ್ನು ಬಿಟ್ಟು ಮತ್ತೆ ಎಣಿಸಿದೆವು. ಇಬ್ಬರ ಲೆಕ್ಕವೂ ಹತ್ತಿರ ಬಂತು. ಎಂಗಸ್ ಸ್ಲೈಡುಗಳೂ ಕೆಳಗಿಳಿದವು, ಒಂದನ್ನು ಬಿಟ್ಟು. ಅದರಲ್ಲಿ ಎಷ್ಟು ಸಲ ನೋಡಿದರೂ ನಾಳ ಜಾಸ್ತಿಯೇ.

ಹಳೇ_ಲೆನ್ಸ್:
ಹಾಗಾದರೆ ಆ ಸ್ಲೈಡಿನ ಹಣೆಪಟ್ಟಿಯನ್ನೇ ಪರೀಕ್ಷಿಸಿ. ಅದೇ ಬ್ಲಾಕಿಗೆ ಪ್ಲಾಸ್ಮಾ ಕೋಶ ಗುರುತಿಸುವ ಸಿಡಿ138 ಸ್ಟೇನ್ ಹಾಕಿ ಅವು ಎಷ್ಟು ಶೇಕಡಾ ಇದೆ ನೋಡಿ. ಆಸ್ಪಿರೇಟಿನಲ್ಲಿ (ಸೂಜಿಯಿಂದ ಹೀರಿದ ಮಜ್ಜೆ) ಕಡಿಮೆ ಸಿಕ್ಕಿ, ಬಯಾಪ್ಸಿಯಲ್ಲಿ ಜಾಸ್ತಿ ಇರುವುದು ಅಪರೂಪವೇನಲ್ಲ. ಶೇ. 10 ದಾಟಿದ್ದರೆ ಅದು ಎಂಗಸ್ ಅಲ್ಲ. ಲಕ್ಷಣ ಏನೂ ಇಲ್ಲದಿದ್ದರೂ ಕನಿಷ್ಠ ಸ್ಮೋಲ್ಡರಿಂಗ್ ಮೈಲೋಮಾ. ಎಂಗಸ್ ಮುಂದುವರಿಯುವುದು ವರ್ಷಕ್ಕೆ ಶೇ. 1 ಜನರಲ್ಲಿ, ಸ್ಮೋಲ್ಡರಿಂಗ್ ಆದರೆ ಮೊದಲ ಐದು ವರ್ಷ ವರ್ಷಕ್ಕೆ ಶೇ. 10ರಷ್ಟು. ಥೀಸಿಸ್ ಆಮೇಲೆ ನೋಡಿಕೊಳ್ಳಿ. ರಿಸಲ್ಟ್ ಬಂದ ಕೂಡಲೇ ಗೈಡ್‌ಗೆ ತೋರಿಸಿ, ಆ ರೋಗಿಯನ್ನು ನೋಡುತ್ತಿರುವ ಡಾಕ್ಟರಿಗೆ ವಿಷಯ ತಲುಪಿಸಿ.