ಸಂಡೇ ಸ್ಕೂಲ್ ಆಯ್ತು, ಸೋಮವಾರದಿಂದ ಏನು?

ಪ್ರಶ್ನೆ (ಬೀದರ ಕಡೆಯವರು, ಈಗ ಟೊರೊಂಟೊ)
ಮಕ್ಕಳಿಗೆ 7 ಮತ್ತು 11 ವರ್ಷ. ಚರ್ಚಿನ ಸಂಡೇ ಸ್ಕೂಲ್ ತಪ್ಪಸಂಗಿಲ್ಲ, ಬೈಬಲ್ ವಚನ ಬಾಯಿಪಾಠ ಒಪ್ಪಸ್ತಾರ. ಆದ್ರ ಕ್ರಿಸ್ತನ ಶಿಷ್ಯರಾಗೋದಂದ್ರ ಉಳಿದ ಆರು ದಿನ ಏನು ಮಾಡೋದು ಅಂತ ಹೆಂಗ ತೋರಸ್ಬೇಕು? ಊರಾಗಿದ್ದಿದ್ರ ಮುತ್ಯಾ-ಆಯಿ ಸಂಜಿ ಪ್ರಾರ್ಥನಿ ನೋಡಿ ಕಲೀತಿದ್ರು.

ಉತ್ತರ (ಕಲಬುರಗಿ)
ಬೈಬಲಿನ ಧರ್ಮೋಪದೇಶಕಾಂಡ 6:7 ಕಲಿಸೋ ಜಾಗ ಹೇಳಿಬಿಟ್ಟದ: ಮನ್ಯಾಗ ಕೂತಾಗ, ದಾರ್ಯಾಗ ನಡೆವಾಗ, ಮಲಗುವಾಗ, ಏಳುವಾಗ. ಸಂಡೇ ಸ್ಕೂಲ್ ಟೀಚರ್ ಹೆಸರು ಅದ್ರಾಗಿಲ್ಲ. ಜಿಮ್ಮೇದಾರಿ ತಂದಿ-ತಾಯಿದೇ.

ರಾತ್ರಿ ಊಟ ಆದ ಮ್ಯಾಲ, ತಾಟು ಎತ್ತೋದಕ್ಕ ಮೊದಲು 12 ನಿಮಿಷ ಸಾಕು. ತಾಟು ಎತ್ತಿದ್ರೆ ಹುಡುಗ್ರು ಮತ್ತ ಕೂಡಂಗಿಲ್ಲ. ಯೇಸುಸ್ವಾಮಿ ಜೀವನ ಹೇಳೋ ಮಾರ್ಕನ ಸುವಾರ್ತೆಯಿಂದ ಶುರು ಮಾಡ್ರಿ, 16 ಅಧ್ಯಾಯ, ಘಟನೆಗಳು ಲಗೂ ಲಗೂ ಸಾಗ್ತಾವ. ದಿನಾ 8-10 ವಚನ ಓದಿದ್ರ ಮೂರು ತಿಂಗಳಾಗ ಮುಗೀತದ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದಿಂದ ಹೊಂಟವರು ಬಹಳಷ್ಟು ಮಂದಿ ಮೂರನೇ ಪುಸ್ತಕ, ನಿಯಮಗಳೇ ತುಂಬಿರೋ ಯಾಜಕಕಾಂಡದಾಗ ನಿಂತುಬಿಡ್ತಾರ. ನೀವು ಕನ್ನಡದಾಗ ಓದ್ರಿ, ಅದೇ ಭಾಗ ಮಕ್ಕಳು ಇಂಗ್ಲಿಷಿನಾಗ ಓದಲಿ.

ಆಮ್ಯಾಲ ಮೂರು ಪ್ರಶ್ನಿ. ಯೇಸುಸ್ವಾಮಿ ಇಲ್ಲಿ ಏನು ಮಾಡಿದ್ರು? ಏನು ಮಾಡಂದ್ರು? ನಾಳೆ ನಾವೇನು ಮಾಡೋಣ? ಕಡೀದಕ್ಕೇ ತೂಕ. ಉತ್ತರದಾಗ ಯಾರಿಗೆ, ಎಲ್ಲಿ, ಯಾವಾಗ ಅನ್ನೋದು ಇರಬೇಕು. ‘ಎಲ್ಲರನ್ನೂ ಪ್ರೀತಿಸ್ತೀನಿ’ ಅಂದ್ರ ನಡಿಯಂಗಿಲ್ಲ. ‘ಬಸ್ಸಿನಾಗ ಒಬ್ಬನೇ ಕೂಡೋ ಹುಡುಗನ ಬಾಜೂಕ ನಾಳೆ ಮುಂಜಾನಿ ಕೂಡ್ತೀನಿ’ ಅಂದ್ರ ನಡೀತದ. ಮರುದಿನ ಆಯ್ತಾ ಅಂತ ಕೇಳಲೇಬೇಕು, ಇಲ್ಲಂದ್ರ ಅದೂ ಒಂದು ಬಾಯಿಪಾಠ. ತಂದಿ-ತಾಯಿನೂ ಮೂರನೇ ಪ್ರಶ್ನಿಗಿ ಉತ್ತರ ಕೊಡಬೇಕು. ಬರೀ ಕೇಳೋರಾಗಿ ಕೂತ್ರ ಪರೀಕ್ಷಿ ಆಗ್ತದ. ಚರ್ಚಿನಿಂದ ಮನಿಗಿ ಬರೋ ಕಾರಿನಾಗೇ ಮತ್ತೊಬ್ಬರ ಜಾತಿ, ಮೈಬಣ್ಣದ ಮಾತು ಬಂದ್ರ ಹಿಂದಿನ ಸೀಟಿನವರು ಅದನ್ನೇ ಕಲೀತಾರ.

ಜಗಳ, ಸುಳ್ಳು, ಮುರಿದ ಆಟಗಿಗೆ ಲೂಕನ ಸುವಾರ್ತೆ 19ನೇ ಅಧ್ಯಾಯದಾಗಿನ ಸುಂಕ ವಸೂಲಿ ಮಾಡೋ ಜಕ್ಕಾಯನ ಕಥಿ ತೆಗೀರಿ. ಆಸ್ತ್ಯಾಗ ಅರ್ಧ ಬಡವರಿಗೆ, ಮೋಸ ಮಾಡಿ ತಗೊಂಡಿದ್ರ ನಾಲ್ಕರಷ್ಟು ವಾಪಸ್ ಅಂದವ. ‘ಸಾರಿ’ ಅಂದು ಓಡಿಹೋಗೋದಕ್ಕ ಬಿಡಬ್ಯಾಡ್ರಿ. ತಮ್ಮನ ಪೆನ್ಸಿಲ್ ಬಾಕ್ಸ್ ಒಡದ್ರ ಪಾಕೆಟ್ ಮನಿಯಿಂದ ತಂದುಕೊಡಬೇಕು, ಕೈಯಾಗ ಕೊಟ್ಟು ಹೇಳಬೇಕು. ಸಿಟ್ಟು ಇಳಿಯೋ ಮೊದಲು ಒತ್ತಾಯ ಮಾಡಿದ್ರ ನಾಟಕ ಕಲೀತಾರ, ಒಂದು ತಾಸು ಬಿಡ್ರಿ.

ಉತ್ತರ (ಯಾದಗಿರಿ)
ಒಂದೇ ಮನಿಯಿಂದ ಬಹಳ ದಿನ ನಡಿಯಂಗಿಲ್ಲ. ನಮ್ಮ ಬೀದರ, ಯಾದಗಿರಿ ಕಡೆ ಮೆಥೋಡಿಸ್ಟ್ (ಒಂದು ಪ್ರೊಟೆಸ್ಟಂಟ್ ಪಂಥ) ಮನೆತನ ಬಹಳ ಅವ, ಆದ್ರ ಸಣ್ಣ ಗುಂಪಿನ ‘ಕ್ಲಾಸ್’ ಪದ್ಧತಿ ಮರ್ತೇಬಿಟ್ಟೀವಿ. 1742ರಾಗ ಇಂಗ್ಲೆಂಡಿನ ಬ್ರಿಸ್ಟಲ್‌ನಾಗ, ಈ ಪಂಥ ಶುರು ಮಾಡಿದ ಜಾನ್ ವೆಸ್ಲಿ ಅವರ ಕಡೆಯವರು ಕಟ್ಟಡದ ಸಾಲ ತೀರಸ್ಲಿಕ್ಕೆ ಸುಮಾರು 12 ಮಂದಿಗೊಬ್ಬ ಮುಖಂಡನ್ನ ಮಾಡಿ, ತಲಿಗಿ ವಾರಕ್ಕೊಂದು ಪೆನ್ನಿ ವಸೂಲಿ ಮಾಡಿದ್ರು. ಮನಿ ಮನಿಗಿ ಹೋದಾಗ ಯಾರ ನಡತಿ ಹೆಂಗದ ಅನ್ನೋದೂ ಗೊತ್ತಾಯ್ತು, ಅದೇ ಆತ್ಮಿಕ ವಿಚಾರಣಿ ಆಯ್ತು.

ನೀವು ಮೂರ್ನಾಲ್ಕು ಮನಿ ಸೇರ್ರಿ, 15 ದಿನಕ್ಕೊಮ್ಮೆ ಒಂದು ತಾಸು. ಚಹಾ-ಬಿಸ್ಕೀಟು ಅಷ್ಟೇ. ಬಿರಿಯಾನಿ ಬಂತಂದ್ರ ಪ್ರಾರ್ಥನಿ 5 ನಿಮಿಷಕ್ಕ ಇಳೀತದ! ಹಿಂದಿನ ಸಲ ಒಪ್ಪಿಕೊಂಡ ಕೆಲಸ ಏನಾಯ್ತು ಅಂತ ಮೊದಲು ಕೇಳ್ರಿ, ಮಕ್ಕಳ ಎದುರಿಗೇ. ದೊಡ್ಡವರ ಗುಟ್ಟಿನ ಮಾತು ಬ್ಯಾರೆ ಇಟ್ಕೊಳ್ರಿ, ಅದು ಮರುದಿನ ಫೋನಿನಾಗ ಬೀದರಕ್ಕ ಮುಟ್ಟಬಾರದು. ಒಮ್ಮೆ ಮುಟ್ಟಿದ್ರ ಆಮ್ಯಾಲ ಯಾರೂ ಖರೇ ಮಾತಾಡಂಗಿಲ್ಲ.

ಉತ್ತರ (ಬೀದರ, ಔರಾದ ಕಡೆಯವರು)
ಮುತ್ಯಾನ್ನ ಬಿಡಬ್ಯಾಡ್ರಿ. ನಿಮ್ಮಲ್ಲಿ ಬ್ಯಾಸಿಗ್ಯಾಗ ರಾತ್ರಿ 8:30 ಅಂದ್ರ ಬೀದರದಾಗ ಮುಂಜಾನಿ 6. ವಾರಕ್ಕೊಮ್ಮೆ ವಿಡಿಯೊ ಕಾಲ್ ಹಚ್ಚಿ ಬೈಬಲಿನ 23ನೇ ಕೀರ್ತನೆ ಹೇಳಸ್ರಿ, ಆರೇ ವಚನ, ವಾರಕ್ಕೊಂದು. ಮಕ್ಕಳು ಇಂಗ್ಲಿಷ್ ಅಕ್ಷರದಾಗ ಬರ್ಕೊಂಡ್ರೂ ನಡೀತದ. ನವೆಂಬರಿನಾಗ ನಿಮ್ಮ ಗಡಿಯಾರ ಹಿಂದ ಸರಿಸಿದ ಮ್ಯಾಲ ಅದೇ ಹೊತ್ತಿಗಿ ಬೀದರದಾಗ 7 ಆಗಿರ್ತದ, ಮೊದಲೇ ತಿಳಸ್ರಿ, ಇಲ್ಲಂದ್ರ ಒಂದು ತಾಸು ಫೋನ್ ಹಿಡಕೊಂಡು ಕೂಡ್ತಾರ.